ಹಿಮಾಲಯಕ್ಕೂ ಮೊದಲಿದ್ದ ಪರ್ವತ: ಲಡಾಖ್–ಟಿಬೆಟ್ ಅಂಚಿನ ಶಿಲಾಪಾಕದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಭಾರತ ಏಷ್ಯಾಕ್ಕೆ ಡಿಕ್ಕಿ ಹೊಡೆದು ಹಿಮಾಲಯ ಎದ್ದಿತು ಎಂದು ಶಾಲೆಯಲ್ಲಿ ಓದಿದ್ದೇವೆ. ಅದಕ್ಕೂ ಮೊದಲು ಅಲ್ಲಿ ಏನಿತ್ತು?

ಕಡಲಿತ್ತು. ಕಡಲಂಚಿನಲ್ಲಿ ಜ್ವಾಲಾಮುಖಿಗಳ ಉದ್ದನೆಯ ಸಾಲಿತ್ತು. ಡಿಕ್ಕಿ ಶುರುವಾದದ್ದು ಸುಮಾರು 5 ಕೋಟಿ ವರ್ಷಗಳ ಹಿಂದೆ. ಅದಕ್ಕೆ ಮುಂಚೆ ಕೋಟಿಗಟ್ಟಲೆ ವರ್ಷ ಟೆಥಿಸ್ ಸಾಗರದ ತಳ ಏಷ್ಯಾದ ದಕ್ಷಿಣ ಅಂಚಿನ ಅಡಿಗೆ ಜಾರಿ ಮುಳುಗುತ್ತಲೇ ಇತ್ತು. ಇಂದು ದಕ್ಷಿಣ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ನಾಸ್ಕಾ ಫಲಕ (ಭೂಮಿಯ ಹೊರಚಿಪ್ಪಿನ ಒಂದು ತುಂಡು) ಹೀಗೆಯೇ ಮುಳುಗುತ್ತಿದೆ, ಅದರ ಮೇಲೆ ಆಂಡಿಸ್ ಪರ್ವತ ನಿಂತಿದೆ. ಟಿಬೆಟಿನ ದಕ್ಷಿಣ ಅಂಚೂ ಒಂದು ಕಾಲಕ್ಕೆ ಅಂಥದೇ ಆಗಿತ್ತು.

ಆ ಜ್ವಾಲಾಮುಖಿಗಳು ಬಹುಪಾಲು ಸವೆದುಹೋಗಿವೆ. ಅವುಗಳ ಕೆಳಗೆ ತಣ್ಣಗಾಗಿ ಹೆಪ್ಪುಗಟ್ಟಿದ ಶಿಲಾಪಾಕ (ಕರಗಿದ ಕಲ್ಲು, ಮ್ಯಾಗ್ಮಾ) ಮಾತ್ರ ಗ್ರಾನೈಟ್ ಜಾತಿಯ ಕಲ್ಲಾಗಿ ಉಳಿದಿದೆ. ಪಶ್ಚಿಮದಲ್ಲಿ ಕೊಹಿಸ್ತಾನ್, ನಡುವೆ ಲಡಾಖ್ ಮತ್ತು ಕೈಲಾಸ, ಪೂರ್ವದಲ್ಲಿ ಲಾಸಾ ಸುತ್ತಲಿನ ಗಾಂಗ್‌ಡಿಸೆ: ಎಲ್ಲ ಸೇರಿ ಸುಮಾರು 2,500 ಕಿ.ಮೀ. ಉದ್ದದ ಪಟ್ಟಿ. ಇದಕ್ಕೆ ಟ್ರಾನ್ಸ್‌ಹಿಮಾಲಯ ಎಂದು ಹೆಸರು. ಲೇಹ್ ಊರಿನ ಹಿಂದೆ ಕಾಣುವ ಬೂದುಬಿಳಿ ಬೆಟ್ಟಗಳೆಲ್ಲ ಇದೇ ಕಲ್ಲು.

ಡಿಕ್ಕಿಗೆ ಮೊದಲೇ ಅಲ್ಲಿ ಪರ್ವತ ಇತ್ತು ಎನ್ನಲು ಸಾಕ್ಷಿ ಏನು? ಜ್ವಾಲಾಮುಖಿ ಇದ್ದಮಾತ್ರಕ್ಕೆ ಪರ್ವತ ಇರಬೇಕೆಂದೇನಿಲ್ಲವಲ್ಲ?

ಸರಿಯಾದ ಆಕ್ಷೇಪ. ಜ್ವಾಲಾಮುಖಿಗಳು ಸಮುದ್ರಮಟ್ಟದ ದ್ವೀಪಗಳಲ್ಲೂ ಇರುತ್ತವೆ. ಪರ್ವತ ಎದ್ದಿತ್ತು ಎನ್ನಲು ತೊಗಟೆ (ಭೂಮಿಯ ಹೊರಗಿನ ಕಲ್ಲಿನ ಪದರ) ಮಡಿಚಿಕೊಂಡು ದಪ್ಪವಾಗಿತ್ತು ಎಂದು ತೋರಿಸಬೇಕು.

ಆ ಸಾಕ್ಷಿ ಲಾಸಾದ ಉತ್ತರಕ್ಕೆ ಸಿಗುತ್ತದೆ. ಅಲ್ಲಿ ತಾಕೆನಾ ಎಂಬ ಕೆಂಪು ಮರಳುಗಲ್ಲಿನ ಪದರಗಳಿವೆ, ಡೈನೊಸಾರುಗಳ ಕೊನೆಯ ಯುಗವಾದ ಕ್ರಿಟೇಷಿಯಸ್ ಕಾಲದವು. ಈ ಪದರಗಳು ಸೀರೆಯ ನೆರಿಗೆಯ ಹಾಗೆ ಬಿಗಿಯಾಗಿ ಮಡಿಚಿಕೊಂಡಿವೆ. ಮಡಿಕೆಗಳ ತಲೆ ಸವೆದು ಮಟ್ಟಸವಾಗಿದೆ. ಆ ಸವೆದ ಮೇಲ್ಮೈ ಮೇಲೆ ಲಿಂಝಿಝಾಂಗ್ ಎಂದು ಕರೆಯುವ ಲಾವಾ ಮತ್ತು ಬೂದಿಯ ಪದರಗಳು ಹೆಚ್ಚು ಮಡಿಚಿಕೊಳ್ಳದೆ ಹಾಸಿಕೊಂಡಿವೆ. ಲಾವಾದ ಅತಿ ಕೆಳಗಿನ ಪದರದ ವಯಸ್ಸು ಸುಮಾರು 6.9 ಕೋಟಿ ವರ್ಷ. ಅಂದರೆ ಕೆಂಪು ಪದರಗಳು ಮಡಿಚಿದ್ದು, ಮೇಲೆದ್ದದ್ದು, ಸವೆದದ್ದು ಮೂರೂ 6.9 ಕೋಟಿ ವರ್ಷಕ್ಕೆ ಮೊದಲೇ ಮುಗಿದಿರಬೇಕು. ಭಾರತ ಆಗಿನ್ನೂ ಬಹುಪಾಲು ಸಮಭಾಜಕ ವೃತ್ತದ ದಕ್ಷಿಣದಲ್ಲಿತ್ತು. ಹಾಗಾಗಿ ಆ ಮಡಿಕೆಗೆ ಭಾರತದ ಡಿಕ್ಕಿ ಕಾರಣವಾಗಿರಲು ಸಾಧ್ಯವೇ ಇಲ್ಲ. ಟ್ರಾನ್ಸ್‌ಹಿಮಾಲಯದ ಬಗ್ಗೆ ಒಂದೇ ಒಂದು ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಮುಳುಗುವ ಫಲಕ ತಣ್ಣಗಿರುತ್ತದೆ. ಹಾಗಿದ್ದರೆ ಶಿಲಾಪಾಕ ಬರುವುದು ಎಲ್ಲಿಂದ?

ಬಹಳ ಪುಸ್ತಕಗಳು ಇಲ್ಲಿ ತಪ್ಪುತ್ತವೆ. "ಉಜ್ಜಾಟದ ಶಾಖಕ್ಕೆ ಫಲಕ ಕರಗುತ್ತದೆ" ಎಂದು ಬರೆದಿರುತ್ತಾರೆ. ಸಾಮಾನ್ಯವಾಗಿ ಫಲಕ ಕರಗುವುದಿಲ್ಲ. ಅದು ನೀರು ಬಿಡುತ್ತದೆ, ಆ ನೀರಿನಿಂದ ಫಲಕದ ಮೇಲಿರುವ ಕವಚ (ತೊಗಟೆಯ ಕೆಳಗಿನ ದಪ್ಪ ಕಲ್ಲಿನ ಪದರ) ಕರಗುತ್ತದೆ.

ಸಾಗರತಳದ ಕಲ್ಲು ಕೋಟ್ಯಂತರ ವರ್ಷ ಕಡಲ ನೀರಿನಲ್ಲಿ ನೆನೆದಿರುತ್ತದೆ. ನೀರು ಖನಿಜಗಳ ಒಳಗೇ ಸೇರಿಕೊಂಡಿರುತ್ತದೆ. ಸರ್ಪೆಂಟೈನ್ ಎಂಬ ಹಸಿರು ಖನಿಜದ ತೂಕದಲ್ಲಿ ಸುಮಾರು 13% ನೀರೇ. ಫಲಕ ಆಳಕ್ಕೆ ಇಳಿದಂತೆ ಒತ್ತಡ ಮತ್ತು ಬಿಸಿಗೆ ಈ ಖನಿಜಗಳು ಒಡೆದು ನೀರು ಹೊರಬರುತ್ತದೆ. ಜ್ವಾಲಾಮುಖಿಗಳ ಸಾಲು ಸಾಮಾನ್ಯವಾಗಿ ಮುಳುಗಿದ ಫಲಕ ಸುಮಾರು 100 ಕಿ.ಮೀ. ಆಳದಲ್ಲಿರುವ ಜಾಗದ ನೇರ ಮೇಲೆ ನಿಲ್ಲುತ್ತದೆ. ಆ ಆಳದಲ್ಲಿ ಒಣ ಕವಚ ಕರಗಬೇಕಾದರೆ 1,400 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಬಿಸಿ ಬೇಕು. ನೀರು ಸೇರಿದರೆ ನೂರಾರು ಡಿಗ್ರಿ ಕಡಿಮೆ ಬಿಸಿಯಲ್ಲೇ ಕರಗತೊಡಗುತ್ತದೆ.

ಒಣ ಬೆಲ್ಲದ ಅಚ್ಚನ್ನು ಬಾಣಲೆಗೆ ಹಾಕಿ ಉರಿ ಹಚ್ಚಿ ನೋಡಿ: ಪೂರ್ತಿ ಕರಗುವ ಮೊದಲೇ ತಳ ಹತ್ತುತ್ತದೆ. ಅರ್ಧ ಲೋಟ ನೀರು ಹಾಕಿದರೆ ಸಣ್ಣ ಉರಿಯಲ್ಲೇ ಪಾಕವಾಗುತ್ತದೆ. ಕಲ್ಲಿನ ರಸಾಯನ ಇದಕ್ಕಿಂತ ತೊಡಕಿನದು, ಆದರೂ ನೀರು ಮಾಡುವ ಕೆಲಸದ ಅಂದಾಜು ಇದರಿಂದ ಸಿಗುತ್ತದೆ.

ಕವಚ ಕರಗಿದರೆ ಕಪ್ಪು ಬಸಾಲ್ಟ್ ಬರಬೇಕು. ಲೇಹ್‌ನಲ್ಲಿ ಬೂದುಬಿಳಿ ಕಲ್ಲು ಯಾಕಿದೆ?

ಮೊದಲು ಬಂದದ್ದು ಬಸಾಲ್ಟ್ ಪಾಕವೇ, ಸುಮಾರು 1,200 ಡಿಗ್ರಿ ಬಿಸಿಯದು. ಖಂಡದ ತೊಗಟೆ ಹಗುರ, ಬಸಾಲ್ಟ್ ಪಾಕ ಅದರ ಬುಡಕ್ಕೆ ಬಂದು ತಡೆದು ನಿಲ್ಲುತ್ತದೆ. ಅಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಪಾಕ ತಣಿಯುತ್ತ ಕಬ್ಬಿಣ, ಮೆಗ್ನೀಷಿಯಮ್ ಹೆಚ್ಚಿರುವ ಕಪ್ಪು ಖನಿಜಗಳನ್ನು ಕೆಳಗೆ ಬಿಡುತ್ತದೆ, ಉಳಿದ ಪಾಕದಲ್ಲಿ ಸಿಲಿಕಾ ಹೆಚ್ಚುತ್ತದೆ. ಜೊತೆಗೆ ಅದರ ಬಿಸಿಗೆ ಸುತ್ತಲಿನ ತೊಗಟೆಯೂ ಕರಗುತ್ತದೆ. ತೇವವಿರುವ ತೊಗಟೆ ಕರಗಲು 650–700 ಡಿಗ್ರಿ ಸಾಕು. ಎರಡೂ ಬೆರೆತು ಮೇಲೇರಿ ನಡು ಆಳದಲ್ಲಿ ಹೆಪ್ಪುಗಟ್ಟಿದ ಕಲ್ಲೇ ಗ್ರಾನೊಡಯೊರೈಟ್.

ಈ ಬೆರಕೆಯನ್ನು ಕಣ್ಣಾರೆ ನೋಡಬಹುದು. ಖರ್ದುಂಗ್ ಲಾ ರಸ್ತೆಯ ಬದಿಯ ಕಲ್ಲಿನಲ್ಲಿ ತೆಂಗಿನಕಾಯಿ ಗಾತ್ರದ ದುಂಡನೆಯ ಕಪ್ಪು ಗಂಟುಗಳಿರುತ್ತವೆ. ಒಂದರ ಹತ್ತಿರ ಮುಖ ತನ್ನಿ. ಗಂಟಿನ ಅಂಚು ನಡುಭಾಗಕ್ಕಿಂತ ನುಣುಪು ಕಣದ್ದಾಗಿದ್ದರೆ, ಅದು ಬಿಸಿ ಬಸಾಲ್ಟ್ ಪಾಕದ ತೊಟ್ಟು ತಂಪಾದ ಗ್ರಾನೈಟ್ ಪಾಕಕ್ಕೆ ಬಿದ್ದು ತಟ್ಟನೆ ಹೆಪ್ಪುಗಟ್ಟಿದ ಗುರುತು. ಇನ್ನೂ ಗಮನಿಸಿದರೆ ಒಂದೊಂದು ಬಿಳಿ ಫೆಲ್ಡ್‌ಸ್ಪಾರ್ ಹರಳು ಅರ್ಧ ಗಂಟಿನೊಳಗೆ, ಅರ್ಧ ಹೊರಗೆ ನಿಂತಿರುತ್ತದೆ. ಆ ಹರಳು ಗಡಿ ದಾಟುವಾಗ ಎರಡೂ ಕಡೆ ಪಾಕ ಇನ್ನೂ ಗಟ್ಟಿಯಾಗಿರಲಿಲ್ಲ. ಗಂಟು ಚೂಪು ಮೂಲೆಗಳಿಂದ ಕೂಡಿದ್ದು ಒಳಗೆ ಪದರಗಳಿದ್ದರೆ ಕತೆ ಬೇರೆ: ಅದು ಗೋಡೆಯಿಂದ ಕಿತ್ತು ಬಿದ್ದ ಹಳೆಯ ಕಲ್ಲಿನ ತುಂಡು.

ಗ್ರಾನೈಟೋ ಗ್ರಾನೊಡಯೊರೈಟೋ ಎಂದು ಬೆಟ್ಟದಲ್ಲೇ ಗುರುತಿಸುವುದು ಹೇಗೆ?

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಮತ್ತು ಸಿಡಿದ ಹೊಸ ಮುಖವಿರುವ ಕಲ್ಲು ಸಾಕು. ಬಿಸಿಲು ಮಳೆಗೆ ಕಂದಿದ ಮೇಲ್ಮೈ ನೋಡಿ ಹೆಸರಿಡಬೇಡಿ. ಲಡಾಖ್‌ನಲ್ಲಿ ಕಲ್ಲಿನ ಮೇಲೆ ಕಂದುಗಪ್ಪು ಲೇಪ ಕೂತಿರುತ್ತದೆ, ಅದು ಎಲ್ಲ ಕಲ್ಲನ್ನೂ ಒಂದೇ ಥರ ತೋರಿಸುತ್ತದೆ.

ಗಾಜಿನಂತೆ ಹೊಳೆಯುವ, ಸೀಳು ಮುಖವಿಲ್ಲದ ಬೂದು ಕಣ ಬೆಣಚು. ಬಿಳಿಯ, ಓರೆ ಹಿಡಿದರೆ ಸಣ್ಣ ಸಮಾನಾಂತರ ಗೀರು ಕಾಣುವುದು ಪ್ಲೇಜಿಯೊಕ್ಲೇಸ್. ತಿಳಿ ಗುಲಾಬಿ ಬಣ್ಣದ್ದು ಸಾಮಾನ್ಯವಾಗಿ ಪೊಟ್ಯಾಷ್ ಫೆಲ್ಡ್‌ಸ್ಪಾರ್. ಉಗುರಿನಿಂದ ಎಬ್ಬಿದರೆ ಹಾಳೆಹಾಳೆಯಾಗಿ ಏಳುವುದು ಕಾಗೆಬಂಗಾರ. ಏಳದೆ ಉದ್ದನೆಯ ಕಡ್ಡಿಯಂತೆ ನಿಂತ ಕಪ್ಪು ಖನಿಜ ಹಾರ್ನ್‌ಬ್ಲೆಂಡ್. ಬಿಳಿ, ಬೂದು, ಗುಲಾಬಿ ಕಣಗಳಲ್ಲಿ ಬೆಣಚು 20%ಕ್ಕಿಂತ ಹೆಚ್ಚಿದ್ದು, ಫೆಲ್ಡ್‌ಸ್ಪಾರ್‌ಗಳ ಪೈಕಿ 65ರಿಂದ 90% ಪ್ಲೇಜಿಯೊಕ್ಲೇಸ್ ಆಗಿದ್ದರೆ ಗ್ರಾನೊಡಯೊರೈಟ್. ಹಾರ್ನ್‌ಬ್ಲೆಂಡ್ ಕಂಡರೆ ಅದು ಮುಳುಗುವ ಫಲಕದ ಮೇಲಿನ ತೇವದ ಪಾಕ ಎನ್ನಲು ಒಳ್ಳೆಯ ಸುಳಿವು. ಬೆಳ್ಳಗಿನ ಕಾಗೆಬಂಗಾರ ಮತ್ತು ಕಪ್ಪು ಟೂರ್ಮಲಿನ್ ಕಂಡರೆ ನೀವು ಬಹುಶಃ ತಪ್ಪು ಪರ್ವತದಲ್ಲಿದ್ದೀರಿ.

ತಪ್ಪು ಪರ್ವತ ಎಂದರೆ?

ಗಂಗೋತ್ರಿ, ಬದರಿನಾಥದ ಬಿಳಿ ಗ್ರಾನೈಟುಗಳು ಬೇರೆಯೇ ಮನೆತನ. ಅವು ಹುಟ್ಟಿದ್ದು ಡಿಕ್ಕಿಯಾದ ಮೇಲೆ, ಸುಮಾರು 2.4ರಿಂದ 1.8 ಕೋಟಿ ವರ್ಷಗಳ ಹಿಂದೆ. ದಪ್ಪವಾದ ಭಾರತದ ತೊಗಟೆಯ ಜೇಡಿ ಮೂಲದ ಕಲ್ಲೇ ಒಳಗೊಳಗೆ ಕರಗಿ ಅವು ಆದವು, ಕವಚದ ಪಾಲು ಇಲ್ಲವೇ ಇಲ್ಲ ಎನ್ನಬಹುದು. ಸ್ಟ್ರಾನ್ಷಿಯಮ್ ಧಾತುವಿನ ಐಸೊಟೋಪುಗಳ (ತೂಕ ಬೇರೆಬೇರೆಯಾದ ಪರಮಾಣುಗಳ) ಅನುಪಾತ ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಲಡಾಖ್ ಕಲ್ಲಿನಲ್ಲಿ ಆರಂಭಿಕ ಅನುಪಾತ ಹೆಚ್ಚಾಗಿ 0.704–0.705, ಹಿಮಾಲಯದ ಬಿಳಿ ಗ್ರಾನೈಟಿನಲ್ಲಿ 0.73ಕ್ಕೂ ಮೇಲೆ. ಸಂಖ್ಯೆಯಲ್ಲಿ ವ್ಯತ್ಯಾಸ ಚಿಕ್ಕದು, ಅರ್ಥದಲ್ಲಿ ಬಹಳ ದೊಡ್ಡದು: ಕಡಿಮೆ ಅನುಪಾತ ಕವಚದ ಗುರುತು, ಹೆಚ್ಚಿನದು ಹಳೆಯ ತೊಗಟೆಯದು.

ವಯಸ್ಸು ಗೊತ್ತುಮಾಡುವುದು ಹೇಗೆ? ಒಂದೇ ಬೆಟ್ಟಕ್ಕೆ ಬೇರೆಬೇರೆ ವಯಸ್ಸು ಬರೆದಿರುತ್ತಾರಲ್ಲ?

ಮುಖ್ಯ ಸಾಧನ ಜಿರ್ಕಾನ್ ಎಂಬ ಪುಟ್ಟ ಹರಳು, ಹೆಚ್ಚಿನವು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಹುಟ್ಟುವಾಗ ಅದು ಯುರೇನಿಯಮನ್ನು ಸೇರಿಸಿಕೊಳ್ಳುತ್ತದೆ, ಸೀಸವನ್ನು ದೂರವಿಡುತ್ತದೆ. ಹಾಗಾಗಿ ಈಗ ಒಳಗಿರುವ ಸೀಸ ಬಹುಪಾಲು ಯುರೇನಿಯಮ್ ಕ್ಷಯಿಸಿ ಆದದ್ದು. ಯುರೇನಿಯಮ್-238ರ ಅರ್ಧಾಯುಷ್ಯ (ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ) 447 ಕೋಟಿ ವರ್ಷ, ಯುರೇನಿಯಮ್-235ರದ್ದು ಸುಮಾರು 70 ಕೋಟಿ. ಒಂದೇ ಹರಳಿನಲ್ಲಿ ಎರಡು ಗಡಿಯಾರ. ಎರಡೂ ಒಂದೇ ಹೊತ್ತು ತೋರಿಸಿದರೆ ನಂಬಬಹುದು.

ಕೆಲಸದ ಕ್ರಮ ಹೀಗೆ: 2ರಿಂದ 5 ಕೆ.ಜಿ. ಕಲ್ಲು ಪುಡಿ ಮಾಡಿ ಕಾಲು ಮಿಲಿಮೀಟರ್ ಜರಡಿಯಲ್ಲಿ ಸಾಣಿಸಬೇಕು. ನೀರು ಹರಿಯುವ ಅಲುಗುಮೇಜಿನ ಮೇಲೆ ಹಗುರ ಕಣ ತೊಳೆದು, ಆಯಸ್ಕಾಂತದಿಂದ ಕಬ್ಬಿಣದ ಖನಿಜ ತೆಗೆಯಬೇಕು. ಉಳಿದದ್ದನ್ನು ಮೀಥಿಲೀನ್ ಅಯೊಡೈಡ್ ಎಂಬ ಭಾರದ ದ್ರವಕ್ಕೆ ಹಾಕಬೇಕು. ಅದರ ಸಾಂದ್ರತೆ 3.3, ಜಿರ್ಕಾನ್‌ನದ್ದು 4.6ಕ್ಕೂ ಹೆಚ್ಚು, ಆದ್ದರಿಂದ ಜಿರ್ಕಾನ್ ತಳಕ್ಕೆ ಇಳಿಯುತ್ತದೆ. ನಂತರ ಸೂಕ್ಷ್ಮದರ್ಶಕದ ಕೆಳಗೆ ಸೂಜಿಯಿಂದ ಒಂದೊಂದೇ ಹರಳು ಆರಿಸಿ, ರಾಳದಲ್ಲಿ ಕೂರಿಸಿ, ಅರ್ಧ ಸವೆಯುವವರೆಗೆ ಪಾಲಿಷ್ ಮಾಡಿ, ಲೇಸರಿನಿಂದ 20–30 ಮೈಕ್ರಾನ್ ಗುಂಡಿ ಕೊರೆದು ಅಳೆಯುತ್ತಾರೆ. ಎರಡು ಸ್ಯಾಂಪಲ್ ನಡುವೆ ಜರಡಿ, ಮೇಜು ಚೆನ್ನಾಗಿ ತೊಳೆಯದಿದ್ದರೆ ಹಿಂದಿನ ಕಲ್ಲಿನ ಹರಳು ಇದರೊಳಗೆ ಸೇರುತ್ತದೆ. ಆಗ ಬರುವ ವಿಚಿತ್ರ ವಯಸ್ಸಿಗೆ ಮೇಜಿನ ಮೇಲೆ ಪರಿಹಾರ ಇಲ್ಲ, ಕೆಲಸ ಮೊದಲಿಂದ ಶುರು ಮಾಡಬೇಕು.

ವಯಸ್ಸು ಹೊಂದದಿರಲು ಮೂರು ಕಾರಣ ಸಾಮಾನ್ಯ. ಒಂದು, ಹರಳಿನ ನಡುವೆ ಹಳೆಯ ಜಿರ್ಕಾನ್ ತಿರುಳು ಉಳಿದಿರುತ್ತದೆ. ಲೇಸರ್ ಗುಂಡಿ ತಿರುಳು ಮತ್ತು ಹೊರಪದರ ಎರಡನ್ನೂ ತಾಗಿದರೆ ಯಾವ ಘಟನೆಗೂ ಸೇರದ ನಡುವಯಸ್ಸು ಬರುತ್ತದೆ. ಕೊರೆಯುವ ಮೊದಲು ಕ್ಯಾಥೋಡೊಲ್ಯೂಮಿನೆಸೆನ್ಸ್ ಚಿತ್ರ (ಎಲೆಕ್ಟ್ರಾನ್ ಕಿರಣಕ್ಕೆ ಹರಳಿನ ಒಳಪದರಗಳು ಬೆಳಗುವ ಚಿತ್ರ) ತೆಗೆಯುವುದು ಇದಕ್ಕೇ. ಎರಡು, ಬಿರುಕಿನಿಂದ ಸೀಸ ಸೋರಿರುತ್ತದೆ, ವಯಸ್ಸು ಕಿರಿದಾಗುತ್ತದೆ. ಮೂರನೆಯದು ತಪ್ಪೇ ಅಲ್ಲ, ಓದುವವರ ಗೊಂದಲ: ಕಾಗೆಬಂಗಾರದೊಳಗೆ ಕೂಡಿದ ಆರ್ಗಾನ್ ಅನಿಲದಿಂದ ಲೆಕ್ಕ ಹಾಕಿದ ವಯಸ್ಸು ಕಲ್ಲು ಸುಮಾರು 300 ಡಿಗ್ರಿಗೆ ತಣಿದ ಕಾಲ ಹೇಳುತ್ತದೆ, ಹುಟ್ಟಿದ ಕಾಲವನ್ನಲ್ಲ. ಹಳೆಯ ಬರಹಗಳ ವಯಸ್ಸು ಓದುವಾಗ ಯಾವ ಖನಿಜ, ಯಾವ ವಿಧಾನ ಎಂದು ಮೊದಲು ನೋಡಿ.

ಲಡಾಖ್‌ಗೆ ಬಂದರೆ: ಕಾರ್ಗಿಲ್ ಕಡೆ ಸುಮಾರು 10 ಕೋಟಿ ವರ್ಷದ ಕಲ್ಲುಗಳಿವೆ. ಲೇಹ್ ಸುತ್ತಲಿನ ಬಹುಭಾಗ 7ರಿಂದ 5 ಕೋಟಿ ವರ್ಷದ್ದು. ಅವನ್ನೆಲ್ಲ ಸೀಳಿ ನುಗ್ಗಿದ ಕೊನೆಯ ಡೈಕುಗಳು (ಬಿರುಕಿನಲ್ಲಿ ಹೆಪ್ಪುಗಟ್ಟಿದ ಪಾಕದ ಗೋಡೆಗಳು) ಸುಮಾರು 4.6 ಕೋಟಿ. ಅಲ್ಲಿಗೆ ಪಾಕದ ಪೂರೈಕೆ ನಿಂತಿತು.

ಯಾಕೆ ನಿಂತಿತು? ಇಂದು ಹಿಮಾಲಯದಲ್ಲಿ ಜ್ವಾಲಾಮುಖಿ ಏಕಿಲ್ಲ?

ನೀರು ಹೊತ್ತು ತರುವ ಸಾಗರತಳ ಮುಗಿದುಹೋಯಿತು. ಅದರ ಹಿಂದೆ ಬಂದ ಭಾರತದ ಖಂಡ ಹಗುರ, ಸುಲಭಕ್ಕೆ ಮುಳುಗುವುದಿಲ್ಲ, ಅದರಲ್ಲಿ ನೀರೂ ಕಡಿಮೆ. ಭಾರತದ ವೇಗ ವರ್ಷಕ್ಕೆ ಸುಮಾರು 15 ಸೆಂ.ಮೀ. ಇದ್ದದ್ದು 5 ಸೆಂ.ಮೀ. ಆಸುಪಾಸಿಗೆ ಇಳಿಯಿತು. ಜಾನ್‌ಸ್ಕಾರ್‌ನಲ್ಲಿ ಕಡಲಜೀವಿ ನಮ್ಮ್ಯುಲೈಟ್‌ಗಳ ನಾಣ್ಯದಂಥ ಚಿಪ್ಪು ತುಂಬಿದ ಸುಣ್ಣಕಲ್ಲು ಸುಮಾರು 5 ಕೋಟಿ ವರ್ಷದ ಹೊತ್ತಿಗೆ ನಿಲ್ಲುತ್ತದೆ, ಅಲ್ಲಿಂದ ಮೇಲೆ ಕಡಲಿಲ್ಲ.

ಪೂಗಾ, ಚುಮಾಥಾಂಗ್, ಪನಾಮಿಕ್‌ನ ಬಿಸಿನೀರ ಬುಗ್ಗೆ ನೋಡಿ ಒಳಗೆ ಜ್ವಾಲಾಮುಖಿ ಇದೆ ಎಂದುಕೊಳ್ಳುವವರಿದ್ದಾರೆ. ಇಲ್ಲ. ದಪ್ಪ ತೊಗಟೆಯ ಬಿಸಿ ಮತ್ತು ಆಳದ ಬಿರುಕು, ಇಷ್ಟೇ.

ಪರ್ವತಕ್ಕೆ ಬೇರು ಇರುತ್ತದೆ ಎನ್ನುತ್ತಾರೆ. ಎಷ್ಟು ಆಳ?

ಲೆಕ್ಕ ನೀವೇ ಹಾಕಬಹುದು. ತೊಗಟೆಯ ಸಾಂದ್ರತೆ 2.8, ಕವಚದ್ದು 3.3 ಎಂದಿಟ್ಟುಕೊಳ್ಳಿ. ನೀರಿನಲ್ಲಿ ಮಂಜುಗಡ್ಡೆ ತೇಲುವಂತೆ ತೊಗಟೆ ಕವಚದ ಮೇಲೆ ತೇಲುತ್ತದೆ. ಮೇಲೆ 1 ಕಿ.ಮೀ. ಎತ್ತರ ಬೇಕಾದರೆ ಕೆಳಗೆ 2.8 ÷ 0.5, ಅಂದರೆ 5.6 ಕಿ.ಮೀ. ಬೇರು ಬೇಕು. 5 ಕಿ.ಮೀ. ಎತ್ತರದ ಟಿಬೆಟಿಗೆ 28 ಕಿ.ಮೀ. ಬೇರು. ಸಮುದ್ರಮಟ್ಟದ ಸಾಮಾನ್ಯ ತೊಗಟೆ 35 ಕಿ.ಮೀ., ಅದಕ್ಕೆ 5 ಮತ್ತು 28 ಸೇರಿದರೆ 68. ಭೂಕಂಪದ ಅಲೆಗಳಿಂದ ಅಳೆದಾಗ ಸಿಗುವುದೂ ಸುಮಾರು 70.

ಬೇರು ಇರುವುದರಿಂದಲೇ ನಮಗೆ ಆಳದ ಕಲ್ಲು ಕಾಣಸಿಗುವುದು. ಮೇಲೆ ಸವೆದಷ್ಟೂ ಕೆಳಗಿನದು ಮೇಲೇಳುತ್ತದೆ, ಮತ್ತೆ ಸವೆಯುತ್ತದೆ.

ಕೈಲಾಸ ಪರ್ವತ ಗ್ರಾನೈಟಿನದೇ?

ಯಾತ್ರೆಗೆ ಹೋಗಿಬಂದವರೂ ಹಾಗೆಂದೇ ತಿಳಿದಿರುತ್ತಾರೆ. ಗ್ರಾನೈಟ್ ಇರುವುದು ಬುಡದಲ್ಲಿ. ಶಿಖರ ಆಗಿರುವುದು ಉರುಟು ಕಲ್ಲು ಮತ್ತು ಮರಳು ಗಟ್ಟಿಯಾಗಿ ಅಂಟಿಕೊಂಡ ಪದರಗಳಿಂದ. ಸುಮಾರು 2.5 ಕೋಟಿ ವರ್ಷಗಳ ಹಿಂದೆ, ಜ್ವಾಲಾಮುಖಿಗಳೆಲ್ಲ ಸವೆದು ಗ್ರಾನೈಟ್ ಬಯಲಾದ ಮೇಲೆ, ಹೊಳೆಗಳು ಆ ಉರುಟುಗಳನ್ನು ತಂದು ಅಲ್ಲಿ ರಾಶಿ ಹಾಕಿದವು. ದಕ್ಷಿಣ ಮುಖದಲ್ಲಿ ಹಿಮ ಕೂತು ಮೆಟ್ಟಿಲುಗಳಂತೆ ಕಾಣುವ ಅಡ್ಡಗೆರೆಗಳು ಆ ಪದರಗಳೇ. ಉರುಟುಗಳಲ್ಲಿ ಅನೇಕವು ಅದೇ ಹಳೆಯ ಗ್ರಾನೈಟ್ ಮತ್ತು ಲಾವಾದ ತುಂಡುಗಳು. ಅಳಿದುಹೋದ ಪರ್ವತದ ಚೂರುಗಳಿಂದಲೇ ಕಟ್ಟಿದ ಶಿಖರ ಅದು.

ಲಡಾಖ್ ನಿಜವಾಗಿ ಖಂಡದ ಅಂಚೋ, ಕಡಲ ನಡುವಿನ ದ್ವೀಪಗಳ ಸಾಲೋ?

ಈ ಜಗಳ ಇನ್ನೂ ಮುಗಿದಿಲ್ಲ. ದ್ರಾಸ್‌ನ ಲಾವಾ ಮತ್ತು ಕೊಹಿಸ್ತಾನದ ಕಲ್ಲು ಕಡಲ ನಡುವಿನ ದ್ವೀಪಸಾಲಿನವು ಎಂಬುದರಲ್ಲಿ ಹೆಚ್ಚು ಭಿನ್ನಾಭಿಪ್ರಾಯ ಇಲ್ಲ. ಆ ಸಾಲಿಗೂ ಏಷ್ಯಾಕ್ಕೂ ನಡುವೆ ಇದ್ದ ಕಡಲು ಮುಚ್ಚಿದ ಗುರುತೇ ಶ್ಯೋಕ್ ಹೊಲಿಗೆ. ಅದು ಮುಚ್ಚಿದ್ದು ಯಾವಾಗ? 8–9 ಕೋಟಿ ವರ್ಷಗಳ ಹಿಂದೆಯೇ ಎನ್ನುವುದು ಒಂದು ಪಕ್ಷ. ಹಾಗಾದರೆ ಲೇಹ್‌ನ 7–5 ಕೋಟಿ ವರ್ಷದ ಕಲ್ಲು ಖಂಡದ ಅಂಚಿನದೇ. ಭಾರತ ಮೊದಲು ದ್ವೀಪಸಾಲಿಗೆ ಗುದ್ದಿ, ಸುಮಾರು 4 ಕೋಟಿ ವರ್ಷಗಳ ಹಿಂದೆ ಎರಡೂ ಸೇರಿ ಏಷ್ಯಾಕ್ಕೆ ಅಂಟಿದವು ಎನ್ನುವುದು ಇನ್ನೊಂದು ಪಕ್ಷ. ಅನುಮಾನವೇ ಇಲ್ಲದ ಖಂಡದ ಅಂಚು ಬೇಕಾದರೆ ಲಾಸಾ ಭಾಗವನ್ನೇ ಉದಾಹರಣೆಗೆ ತೆಗೆದುಕೊಳ್ಳಿ.

ಮುಳುಗುವ ಫಲಕದ ಮೇಲಿನ ಪಾಕದಲ್ಲಿ ನಯೋಬಿಯಮ್, ಟ್ಯಾಂಟಲಮ್ ಧಾತುಗಳು ಕಡಿಮೆ ಇರುತ್ತವೆ ಎಂಬ ರಸಾಯನದ ಸಾಕ್ಷಿ ಒಂದನ್ನೇ ಹಿಡಿದು ತೀರ್ಪು ಕೊಡುವುದು ಸರಿಯಲ್ಲ. ಆ ಗುರುತು ಹಳೆಯ ತೊಗಟೆ ಮತ್ತೆ ಕರಗಿದಾಗಲೂ ಬರುತ್ತದೆ.

ಒಂದೆರಡು ದಿನದಲ್ಲಿ ರಸ್ತೆಯಿಂದಲೇ ಇದನ್ನೆಲ್ಲ ನೋಡಬಹುದೇ?

ನೋಡಬಹುದು. ಲೇಹ್‌ಗೆ ವಿಮಾನದಲ್ಲಿ ಇಳಿದರೆ ಮೊದಲ ಎರಡು ದಿನ ಎತ್ತರಕ್ಕೆ ಹೋಗಬೇಡಿ, ಊರೇ 3,500 ಮೀಟರ್ ಎತ್ತರದಲ್ಲಿದೆ.

ಮೂರನೇ ದಿನ ನಿಮ್ಮುವಿಗೆ ಹೋಗಿ, ಸಿಂಧೂ ಮತ್ತು ಜಾನ್‌ಸ್ಕಾರ್ ಸಂಗಮದ ಮೇಲೆ ನಿಲ್ಲಿ. ಉತ್ತರಕ್ಕೆ ಪದರವಿಲ್ಲದ ಬೂದು ಬೆಟ್ಟ: ಪಾಕ ಹೆಪ್ಪುಗಟ್ಟಿದ ಕಲ್ಲು. ದಕ್ಷಿಣಕ್ಕೆ ನೇರಳೆ, ಹಸಿರು, ಕೆಂಪು ಪದರಗಳು ನೆಟ್ಟಗೆ ನಿಂತಿವೆ: ಪರ್ವತ ಸವೆದು ತುಂಬಿದ ಮರಳು, ಜೇಡಿ, ಉರುಟು. ಚಿಲ್ಲಿಂಗ್ ಕಡೆಯ ಕಣಿವೆಯಲ್ಲಿ ಇವು ಇನ್ನೂ ಚೆನ್ನಾಗಿ ಕಾಣುತ್ತವೆ. ಮರುದಿನ ಲೇಹ್‌ನಿಂದ ಸುಮಾರು 40 ಕಿ.ಮೀ. ಏರಿ ಖರ್ದುಂಗ್ ಲಾ ದಾಟಿ. ಕಣಿವೆ ಬಾಗಿಲಿನ ಎತ್ತರ ಅಲ್ಲಿನ ಹಳೆಯ ಬೋರ್ಡಿನಲ್ಲಿ ಬರೆದಿದ್ದಕ್ಕಿಂತ ಕಡಿಮೆ, ಸುಮಾರು 5,360 ಮೀಟರ್. ದಾರಿಯುದ್ದಕ್ಕೂ ಗ್ರಾನೊಡಯೊರೈಟ್. ಉತ್ತರಕ್ಕೆ ಇಳಿದು ಖರ್ದುಂಗ್ ಹಳ್ಳಿಯ ಹತ್ತಿರ ಬಂದಾಗ ಕಲ್ಲು ನುಣುಪಾಗುತ್ತದೆ, ಬಣ್ಣ ಬದಲಾಗುತ್ತದೆ: ರಯೊಲೈಟ್, ಆಂಡಿಸೈಟ್ ಎಂಬ ಲಾವಾ ಕಲ್ಲುಗಳು, ಬೂದಿ ಬೆಸೆದುಕೊಂಡ ಕಲ್ಲು, 6.7ರಿಂದ 6 ಕೋಟಿ ವರ್ಷದವು. ಸವೆಯದೆ ಉಳಿದ ಜ್ವಾಲಾಮುಖಿಯ ತುಣುಕು ಇದು. ಬೆಳಗ್ಗೆ ನೋಡಿದ್ದು ಒಲೆಯ ಒಳಭಾಗ, ಇಲ್ಲಿ ನೋಡುವುದು ಅದರಿಂದ ಉಕ್ಕಿದ್ದು.

ಲಾಮಾಯುರು "ಮೂನ್‌ಲ್ಯಾಂಡ್" ಹಳದಿ ಮಣ್ಣನ್ನು ಟೆಥಿಸ್ ಕಡಲತಳ ಎಂದು ತೋರಿಸುವವರ ಮಾತು ನಂಬಬೇಡಿ. ಅದು ತೀರಾ ಈಚಿನ ಕೆರೆಯೊಂದರ ಹೂಳು. ಕಡಲತಳದ ಕಲ್ಲು ಅದರ ಸುತ್ತಲಿನ ಕಪ್ಪು ಬೆಟ್ಟಗಳು.

ನಮ್ಮ ರಾಮನಗರದ ಬಂಡೆಗಳಿಗೂ ಇದಕ್ಕೂ ಸಂಬಂಧ ಇದೆಯೇ?

ವಯಸ್ಸಿನಲ್ಲಿ ಯಾವ ನಂಟೂ ಇಲ್ಲ. ರಾಮನಗರದ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎನಿಸಿಕೊಂಡ ಕಲ್ಲು ಸುಮಾರು 252 ಕೋಟಿ ವರ್ಷದ್ದು. ಉತ್ತರ ದಕ್ಷಿಣವಾಗಿ ಸುಮಾರು 400 ಕಿ.ಮೀ. ಉದ್ದದ ಕಿರಿದಾದ ಪಟ್ಟಿ, ಹೆಬ್ಬೆರಳ ಗಾತ್ರದ ಗುಲಾಬಿ ಫೆಲ್ಡ್‌ಸ್ಪಾರ್ ಹರಳುಗಳದ್ದು. ಅದೂ ಖಂಡದ ಅಂಚಿನಲ್ಲಿ ಹುಟ್ಟಿತೇ, ಇಲ್ಲ ಆಳದಿಂದ ಎದ್ದ ಬಿಸಿ ಕವಚದ ಉಬ್ಬಿನಿಂದಲೇ ಎಂಬ ಚರ್ಚೆ ನಡೆಯುತ್ತಿದೆ. ಅದನ್ನು ತೀರ್ಮಾನಿಸಲು ಲಡಾಖ್‌ನಂಥ ಎಳೆಯ ಉದಾಹರಣೆಗಳೇ ಅಳತೆಗೋಲು.

ಕಾಲದ ನಂಟಿರುವುದು ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಯ ಕಪ್ಪು ಬಸಾಲ್ಟಿಗೆ. ಆ ದಖ್ಖನ್ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಭಾರತ ಹಿಂದೂ ಮಹಾಸಾಗರದಲ್ಲಿ ಉತ್ತರಕ್ಕೆ ತೇಲುತ್ತಿದ್ದಾಗ. ಅದೇ ಹೊತ್ತಿಗೆ, ಟೆಥಿಸ್‌ನ ಆಚೆ ದಡದಲ್ಲಿ, ಖರ್ದುಂಗ್‌ನ ಜ್ವಾಲಾಮುಖಿಗಳೂ ಉರಿಯುತ್ತಿದ್ದವು.